ಪದಚರ್ಚೆ: ಎಡತೋಳು, ಬಲತೋಳು – ಈ ನಂಟಿಗೆ ಆಡುಮಾತಿನಲ್ಲಿ ಏನನ್ನುತ್ತೀರಿ?

ಗೆಳೆಯರೇ, ನಮಸ್ಕಾರ.

ಒಂದು ಪದ ಹುಡುಕುತ್ತಿದ್ದೇನೆ. ಯಾಕೆ ಬೇಕಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

ನಮ್ಮಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಹೋದ ವಾರ ನಾನೂ ಕಲಿಯೋಣ ಅಂತ ಕೂತೆ. ಹೂವಿನ ಪ್ರಿಂಟ್ ಇರುವ ಬಟ್ಟೆ. ಕಾಗದದಲ್ಲಿ ಕತ್ತರಿಸಿಟ್ಟ ತೋಳಿನ ಅಳತೆ ಇತ್ತು. ಅದನ್ನು ಬಟ್ಟೆಯ ಮೇಲಿಟ್ಟು ಒಂದು ತೋಳು ಕತ್ತರಿಸಿದೆ. ಅದೇ ಕಾಗದವನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಕತ್ತರಿಸಿದೆ. ಒಂದರ ಮೇಲೊಂದು ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಖುಷಿಯಾಗಿ ತೋರಿಸಿದೆ. ಅಮ್ಮ ಎರಡನ್ನೂ ಹರಡಿ ನೋಡಿ, "ಅಯ್ಯೋ, ಎರಡೂ ಒಂದೇ ಕೈದು ಆಯ್ತಲ್ಲೇ!" ಅಂದರು.

ರವಿಕೆ ತೋಳಿನ ತಲೆ ಎರಡೂ ಬದಿಗೆ ಒಂದೇ ತರಹ ಇಳಿಯುವುದಿಲ್ಲ. ಮುಂದುಗಡೆ ಸ್ವಲ್ಪ ಜಾಸ್ತಿ ಒಳಕ್ಕೆ ಕತ್ತರಿಸಬೇಕು, ಹಿಂದುಗಡೆ ಕಡಿಮೆ. ಇಲ್ಲದಿದ್ದರೆ ಕಂಕುಳ ಹತ್ತಿರ ಬಟ್ಟೆ ಮುದುರುತ್ತದೆ. ಹಾಗಾಗಿ ಬಲಗೈ ತೋಳು ಎಡಗೈಗೆ ಕೂರುವುದಿಲ್ಲ. ಎರಡೂ ಮೈ ಒಂದೇ ಇರುವ ಬಟ್ಟೆಯಾಗಿದ್ದರೆ ಒಂದು ತೋಳನ್ನು ಮಗುಚಿ ಹಾಕಿಬಿಡಬಹುದಿತ್ತು. ಪ್ರಿಂಟ್ ಬಟ್ಟೆಯಲ್ಲಿ ಆ ದಾರಿ ಇಲ್ಲ, ಮಗುಚಿದರೆ ಉಲ್ಟಾ ಮೈ ಹೊರಗೆ ಬರುತ್ತದೆ. ಅಮ್ಮ ಉಳಿದ ಬಟ್ಟೆ ತಗೊಂಡು, ಸೀದಾ ಮೈ ಒಳಗೆ ಬರುವ ಹಾಗೆ ಮಡಿಚಿ, ಎರಡು ಪದರನ್ನೂ ಒಟ್ಟಿಗೆ ಕತ್ತರಿಸಿ ತೋರಿಸಿದರು. ಬಿಡಿಸಿದಾಗ ಒಂದು ಎಡ, ಒಂದು ಬಲ. ಮಧ್ಯದ ಮಡಿಕೆಯ ಗೆರೆ ಕನ್ನಡಿ ನಿಲ್ಲಿಸಿದ ಹಾಗೆ ಕಾಣುತ್ತಿತ್ತು.

ಅಂದರೆ ನಾನು ಮಾಡಿದ್ದು "ಒಂದೇ ತರಹ". ಬೇಕಾಗಿದ್ದು "ಎದುರುಬದುರಾಗಿ ಒಂದೇ ತರಹ". ಈ ಎರಡನೆಯದಕ್ಕೆ ಕನ್ನಡದಲ್ಲಿ ಏನನ್ನಬೇಕು? ಅವತ್ತಿಂದ ಚಪ್ಪಲಿ, ಕೈಬೆರಳು, ಕಿವಿ, ಬಾಗಿಲು, ಎಲೆ, ಎಲ್ಲಿ ನೋಡಿದರೂ ಇದೇ ಕಾಣುತ್ತಿದೆ. ಹೆಸರು ಮಾತ್ರ ಸಿಗುತ್ತಿಲ್ಲ.

ಶಾಲೆಯ ಪದ ಇದೆ, ಗೊತ್ತು. ಮಗಳ ಗಣಿತದ ಪುಸ್ತಕದಲ್ಲಿ "ಸಮಮಿತಿ" ಅಂತಿದೆ. ಬೇರೆ ಕಡೆ "ಸಮ್ಮಿತಿ" ಅಂತಲೂ ಓದಿದ್ದೇನೆ. ಸಮಮಿತಿ ಅಂದರೆ ಸಮವಾದ ಅಳತೆ. ಸಮ್ಮಿತಿ ಅಂದರೆ ಜೊತೆಗೂಡಿದ ಅಳತೆ. ಗ್ರೀಕ್ ಮೂಲದ 'ಸಿಮೆಟ್ರಿ' ಕೂಡ ಹೀಗೇ ಕಟ್ಟಿದ ಪದ: 'ಸಿನ್' ಅಂದರೆ ಜೊತೆ, 'ಮೆಟ್ರಾನ್' ಅಂದರೆ ಅಳತೆ. ಹಿಂದಿ, ಮಲಯಾಳಗಳಲ್ಲೂ ಸಮಮಿತಿ ಎಂದೇ ಇದೆ. ತೆಲುಗಿನವರು ಇದಕ್ಕೆ "ಸೌಷ್ಠವಂ" ಅನ್ನುತ್ತಾರೆ. ನಮಗೆ ಸೌಷ್ಠವ ಅಂದರೆ ಮೈಕಟ್ಟು. "ಅಂಗಸೌಷ್ಠವ" ಅನ್ನುವಾಗ ಬಿಟ್ಟರೆ ಅದು ಬಾಯಿಗೆ ಬರುವುದೇ ಕಡಿಮೆ. ಆದರೂ ಸರಿಯಾಗಿ ಹೊಂದಿಕೊಂಡ ಮೈ ಅನ್ನುವ ಭಾವ ಅದರಲ್ಲೂ ಇದೆಯಲ್ಲ, ಚೆನ್ನಾಗಿದೆ ಅನ್ನಿಸಿತು. ತಮಿಳಿನಲ್ಲಿ "ಸಮಚ್ಚೀರ್". ಅಲ್ಲಿ ಅದೇ ಪದ "ಸಮಚ್ಚೀರ್ ಕಲ್ವಿ" ಅಂತ, ಎಲ್ಲರಿಗೂ ಒಂದೇ ಬಗೆಯ ಶಿಕ್ಷಣ ಎನ್ನುವ ಅರ್ಥದಲ್ಲಿ, ಮನೆಮಾತಾಗಿದೆ.

ಸಮಮಿತಿಯ ಬಗ್ಗೆ ನನಗೆ ತಕರಾರಿಲ್ಲ. ಪಾಠಕ್ಕೆ ಸರಿಯಾದ ಪದ. ಆದರೆ ಅದರ ಹರವು ದೊಡ್ಡದು. ಕನ್ನಡಿಯ ಹೊಂದಿಕೆ ಒಂದೇ ಅಲ್ಲ, ತಿರುಗಿಸಿದಾಗ ಸಿಗುವ ಹೊಂದಿಕೆಯೂ ಅದರೊಳಗೆ ಬರುತ್ತದೆ. ತಲೆ ಮೇಲಿನ ಮೂರು ರೆಕ್ಕೆಯ ಫ್ಯಾನ್ ನೋಡಿ. 120 ಡಿಗ್ರಿ ತಿರುಗಿಸಿದರೆ ಮೊದಲಿನ ಹಾಗೇ ಕಾಣುತ್ತದೆ. ಆದರೆ ಅದರ ರೆಕ್ಕೆ ಒಂದು ಕಡೆಗೆ ವಾಲಿದೆ. ಕನ್ನಡಿಯೊಳಗಿನ ಫ್ಯಾನಿನ ರೆಕ್ಕೆ ಇನ್ನೊಂದು ಕಡೆಗೆ ವಾಲಿರುತ್ತದೆ. ಹಾಗೆ ಮಾಡಿಸಿದ ಫ್ಯಾನನ್ನು ಮಾಮೂಲಿ ದಿಕ್ಕಿಗೇ ತಿರುಗಿಸಿದರೆ ಗಾಳಿ ಮೇಲಕ್ಕೆ ಹೋಗುತ್ತದೆ. ನನಗೆ ಬೇಕಾಗಿರುವುದು ಈ ಕನ್ನಡಿ ಹೊಂದಿಕೆಯನ್ನು ಮಾತ್ರ ಹೇಳುವ ಪದ. ಅದೂ ಹೊಲಿಗೆ ಮೆಷಿನ್ ಮುಂದೆ ಕೂತು ಹೇಳುವಂಥದ್ದು.

ನಮ್ಮತ್ತೆಯನ್ನು ಕೇಳಿದೆ. ದಿನಾ ಬೆಳಗ್ಗೆ ಚುಕ್ಕಿ ರಂಗೋಲಿ ಹಾಕುವವರು. ಮಧ್ಯದ ಸಾಲಿನ ಚುಕ್ಕಿಗಳನ್ನು ಮೊದಲು ಇಟ್ಟು, ಎಡಕ್ಕೊಂದು ಬಳ್ಳಿ ಎಳೆದರೆ ತಕ್ಷಣ ಬಲಕ್ಕೂ ಎಳೆಯುತ್ತಾರೆ. ಬಲಕ್ಕೆ ಎಳೆಯುವಾಗ ಅವರ ಕೈ ಹೊರಳುವ ರೀತಿಯೇ ಬೇರೆ, ಹತ್ತಿರ ಕೂತು ನೋಡಿದ್ದೇನೆ. "ಇದಕ್ಕೆ ಏನಂತೀರ ಅತ್ತೆ?" ಅಂದರೆ, "ಎರಡೂ ಕಡೆ ಒಂದೇ ಸಮ ಬಂದಿದೆ ಅಂತೀವಿ, ಇನ್ನೇನು" ಅಂದರು. ಆಮೇಲೆ ಒಂದು ಎಸಳು ತೋರಿಸಿ, "ನೋಡು, ಇದು ಸೊಟ್ಟ ಆಗಿದೆ" ಅಂದರು.

ಸೊಟ್ಟ, ಡೊಂಕು, ಓರೆ, ವಾರೆ. ವಾಲಿದೆ, ಒಂದು ಕಡೆ ಎಳೆದಿದೆ, ಏರುಪೇರಾಗಿದೆ. ಹೊಂದಿಕೆ ಕೆಟ್ಟಾಗ ಹೇಳಲು ನಮ್ಮಲ್ಲಿ ಎಷ್ಟೊಂದು ಮಾತಿದೆ! ಸರಿ ಇದ್ದಾಗ "ಸಮ" ಒಂದೇ. ಕಣ್ಣಿಗೆ ಕೆಟ್ಟದ್ದು ಬೇಗ ಬೀಳುತ್ತದೆ, ಹೆಸರೂ ಬೇಗ ಹುಟ್ಟುತ್ತದೆ ಅಂತ ಕಾಣುತ್ತದೆ. ಹೀಗಿದ್ದರೂ ಹುಡುಕಿದರೆ ಒಂದೆರಡು ಪದ ಸಿಕ್ಕೇ ಸಿಗುತ್ತವೆ.

ಮೊದಲು ನೆನಪಾಗಿದ್ದು "ಪಡಿಯಚ್ಚು". ಮಗ ಅಪ್ಪನ ಪಡಿಯಚ್ಚು ಅನ್ನುತ್ತೇವೆ. ಆಗ ಅದರ ಅರ್ಥ ಥೇಟ್ ಅದೇ ತರಹ, ನನ್ನ ಎರಡು ಬಲತೋಳಿನ ಹಾಗೆ. ಆದರೆ ಅಚ್ಚನ್ನೇ ಕೈಗೆ ತಗೊಂಡು ನೋಡಿ. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಕೊಡುವ ಸಕ್ಕರೆ ಅಚ್ಚಿನ ಮರದ ಅಚ್ಚು ನಮ್ಮ ಮನೆಯಲ್ಲಿ ಇನ್ನೂ ಇದೆ. ಎರಡು ಹೋಳು. ಮೊದಲು ನೀರಲ್ಲಿ ನೆನೆಹಾಕಿ, ಎರಡನ್ನೂ ಕೂಡಿಸಿ ದಾರ ಕಟ್ಟಿ, ಮೇಲಿನ ತೂತಿನಿಂದ ಸಕ್ಕರೆ ಪಾಕ ಹೊಯ್ಯುತ್ತಾರೆ. ಗಿಳಿಯ ಅಚ್ಚನ್ನು ಬಿಡಿಸಿ ಪಕ್ಕಪಕ್ಕ ಇಟ್ಟೆ. ಒಂದು ಹೋಳಿನ ಗಿಳಿ ಎಡಕ್ಕೆ ನೋಡುತ್ತಿದೆ, ಇನ್ನೊಂದರದ್ದು ಬಲಕ್ಕೆ. ಎರಡೂ ಎಡಕ್ಕೇ ನೋಡುತ್ತಿದ್ದರೆ ಕೂಡಿಸಿದಾಗ ಒಂದರ ಕೊಕ್ಕಿಗೆ ಇನ್ನೊಂದರ ಬಾಲ ಬಂದು ಕೂರುತ್ತಿತ್ತು! ಕೆತ್ತಿದವರಿಗೆ ಇದು ಗೊತ್ತಿತ್ತು. ಹಳೇ ಅಚ್ಚುಕೂಟದ ಮೊಳೆಗಳೂ ಹಾಗೇ. ಕಾಗದದ ಮೇಲೆ ಅಕ್ಷರ ಸೀದಾ ಬರಬೇಕಾದರೆ ಮೊಳೆಯಲ್ಲಿ ತಿರುವುಮುರುವಾಗಿ ಇರಬೇಕು. ಹಾಗಾಗಿ ಪದದ ಒಳಗೆ ನೋಡಿದರೆ ಪಡಿಯಚ್ಚು ನನಗೆ ಬೇಕಾದ ಪದವೇ. ಬಳಕೆಯಲ್ಲಿ ಮಾತ್ರ ಅದು ನಕಲಿನ ಕಡೆ ವಾಲಿಬಿಟ್ಟಿದೆ. ಜನ ಒಂದು ಅರ್ಥಕ್ಕೆ ಒಪ್ಪಿಕೊಂಡ ಪದವನ್ನು ಎಳೆದು ತರುವುದು ಸರಿಯಲ್ಲ, ಅಲ್ವಾ?

ಎರಡನೆಯದು ನನಗೆ ಜಾಸ್ತಿ ಇಷ್ಟವಾದದ್ದು: ಎಡಮುರಿ, ಬಲಮುರಿ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆಯಲ್ಲಿ ಈ ಎರಡೂ ಹೆಸರಿನ ಜಾಗ ಇವೆ, ತುಂಬ ಜನ ನೋಡಿರುತ್ತೀರಿ. ಕೊಡಗಿನಲ್ಲೂ ಕಾವೇರಿ ದಡದಲ್ಲಿ ಒಂದು ಬಲಮುರಿ ಇದೆ. ಇಲ್ಲಿ "ಮುರಿ" ಅಂದರೆ ತುಂಡಾಗುವುದಲ್ಲ. ತಿರುಗು, ಹೊರಳು. "ಮೈ ಮುರಿದ" ಅನ್ನುವಾಗ ಈ ಹಳೆಯ ಅರ್ಥದ ನೆರಳು ಇನ್ನೂ ಉಳಿದಿದೆ. ಅಳತೆ ಒಂದೇ, ಆಕಾರ ಒಂದೇ, ಹೊರಳುವ ದಿಕ್ಕು ಮಾತ್ರ ಎದುರುಬದುರು. ನನ್ನ ತೋಳಿಗೆ ಇದಕ್ಕಿಂತ ಸರಿಯಾದ ಜೋಡಿ ಪದ ಬೇರೆ ಬೇಕೇ?

ಆದರೆ ಇಲ್ಲೊಂದು ತೊಡಕಿದೆ. ಬಲ ಅಂದರೆ ಯಾರ ಬಲ? ಬಲಮುರಿ ಗಣಪತಿಯ ಸೊಂಡಿಲು ತಿರುಗುವುದು ಅವನ ಬಲಕ್ಕೆ. ಎದುರಿಗೆ ಕೈಮುಗಿದು ನಿಂತ ನಮಗೆ ಅದು ಎಡಕ್ಕೆ ಕಾಣುತ್ತದೆ. ಬಲಮುರಿ ಶಂಖದಲ್ಲಿ ಇನ್ನೂ ಗೊಂದಲ. ನಾವು ದಕ್ಷಿಣಾವರ್ತಿ, ಬಲಮುರಿ ಅಂತ ಕರೆಯುವ ಅಪರೂಪದ ಶಂಖವನ್ನು ಪ್ರಾಣಿಶಾಸ್ತ್ರದವರು ಎಡಸುರುಳಿಯದು ಅನ್ನುತ್ತಾರೆ. ಶಂಖ ಒಂದೇ. ಅವರು ಸುರುಳಿಯ ಮೊನೆ ಮೇಲೆ ಮಾಡಿ ಹಿಡಿದು ಬಾಯಿ ಯಾವ ಕಡೆ ಇದೆ ಅಂತ ನೋಡುತ್ತಾರೆ. ನಮ್ಮ ಸಂಪ್ರದಾಯದಲ್ಲಿ ಮೊನೆ ಕೆಳಗೆ ಮಾಡಿ ಹಿಡಿಯುತ್ತಾರೆ. ಹಿಡಿಯುವ ರೀತಿ ಬದಲಾದರೆ ಬಾಯಿ ಕಾಣುವ ಕಡೆಯೂ ಬದಲಾಗುತ್ತದೆ. ಶಂಖದ ತಿರುವು ಮಾತ್ರ ಹೇಗೆ ಹಿಡಿದರೂ ಬದಲಾಗುವುದಿಲ್ಲ, ಎಡತೋಳನ್ನು ಎಷ್ಟು ತಿರುಗಿಸಿದರೂ ಬಲತೋಳಾಗದ ಹಾಗೆ.

ಕನ್ನಡಿಯ ವಿಷಯದಲ್ಲೂ ನಾವು ಇದೇ ಕಡೆ ಎಡವುತ್ತೇವೆ. ಕನ್ನಡಿ ಎಡಬಲ ಅದಲುಬದಲು ಮಾಡುತ್ತದೆ ಅನ್ನುವುದು ರೂಢಿ. ನೀವೇ ಮಾಡಿ ನೋಡಿ. ಉತ್ತರಕ್ಕೆ ಮುಖ ಮಾಡಿ ಕನ್ನಡಿ ಮುಂದೆ ನಿಂತು, ಪೂರ್ವದ ಕಡೆಯ ಕೈ ಎತ್ತಿ. ಬಿಂಬವೂ ಪೂರ್ವದ ಕಡೆಯ ಕೈಯನ್ನೇ ಎತ್ತುತ್ತದೆ. ಪೂರ್ವ ಪೂರ್ವಕ್ಕೇ ಇದೆ, ತಲೆ ಮೇಲೇ ಇದೆ. ಬದಲಾಗಿದ್ದು ಮುಖದ ದಿಕ್ಕು: ನೀವು ಉತ್ತರಕ್ಕೆ ನೋಡುತ್ತೀರಿ, ಅದು ದಕ್ಷಿಣಕ್ಕೆ. ಅಂದರೆ ಕನ್ನಡಿ ಹಿಂದುಮುಂದು ಮಾಡುತ್ತದೆ. ಕೊಡಗಿನ ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ಹೆಂಗಸರ ಸೀರೆಯ ನಿರಿಗೆ ಮುಂದಿನಿಂದ ಹಿಂದಕ್ಕೆ ಹೋಯಿತು ಅನ್ನುವ ಕಥೆ ಇದೆಯಲ್ಲ, ಕೊಡವ ಸೀರೆಯ ನಿರಿಗೆ ಹಿಂದೆ ಬಂದದ್ದು ಹಾಗೆ ಅಂತ. ಇದನ್ನು ಬರೆಯುವಾಗ ಅದು ನೆನಪಾಗಿ ತುಂಬ ಹಿತವಾಯಿತು.

ಯಾರಾದರೂ "ಗದಗ, ಕನಕ, ವಿಕಟಕವಿ ಇವೆಯಲ್ಲ" ಅನ್ನಬಹುದು, ಅದಕ್ಕೆ ಮೊದಲೇ ಹೇಳುತ್ತೇನೆ. "ಕುಬೇರನಿಗೇನಿರಬೇಕು" ನನಗೂ ಇಷ್ಟ. ಆದರೆ ಅದು ಓದಿನ ಹೊಂದಿಕೆ, ನೋಟದ್ದಲ್ಲ. ಗದಗ ಅಂತ ಬರೆದು ಕನ್ನಡಿಗೆ ಹಿಡಿದರೆ ಗದಗ ಅಂತ ಕಾಣುವುದಿಲ್ಲ. ನಮ್ಮ ತಲಕಟ್ಟು ಬಲಕ್ಕೆ ಬಾಗಿ ಏಳುತ್ತದೆ, ಕನ್ನಡಿಯಲ್ಲಿ ಅದು ಎಡಕ್ಕೆ ಹೋಗುತ್ತದೆ. ಸೊನ್ನೆ ಮಾತ್ರ ಹೇಗಿತ್ತೋ ಹಾಗೇ ಇರುತ್ತದೆ. ಇಂಥ ಪದಗಳಿಗೆ ಅಲಂಕಾರಶಾಸ್ತ್ರದಲ್ಲಿ "ಗತಪ್ರತ್ಯಾಗತ" ಎಂಬ ಹೆಸರು ಮೊದಲಿಂದಲೂ ಇದೆ.

ಇನ್ನೊಂದು ವಿಷಯ ನಿಧಾನಕ್ಕೆ ಹೊಳೆಯಿತು. ನಾನು ಹುಡುಕುತ್ತಿರುವುದು ಒಂದು ಪದ ಅಲ್ಲ, ಎರಡು. ಎಲೆ, ಮುಖ, ರಂಗೋಲಿ ಇವು ತಮ್ಮೊಳಗೇ ಎರಡು ಕಡೆ ಸಮ, ನಡುವೆ ಮಡಿಚಿದರೆ ಕೂಡುತ್ತವೆ. ತೋಳು, ಚಪ್ಪಲಿ, ಗುಡಿಯ ಬಾಗಿಲಲ್ಲಿ ನಿಂತ ದ್ವಾರಪಾಲಕರು ಹಾಗಲ್ಲ. ಒಬ್ಬನೇ ದ್ವಾರಪಾಲಕನನ್ನು ನೋಡಿದರೆ ಒಂದು ಕಾಲು ಮಡಿಚಿ, ಒಂದು ಕಡೆ ವಾಲಿ ನಿಂತಿರುತ್ತಾನೆ. ಇನ್ನೊಬ್ಬ ಜೊತೆಗಿದ್ದಾಗಲೇ ಸಮ. ನಮ್ಮ ರಾಜ್ಯದ ಲಾಂಛನದಲ್ಲಿ ಎರಡೂ ಇವೆ. ನಡುವಿನ ಗಂಡಭೇರುಂಡ ಒಂದೇ ಹಕ್ಕಿ, ತನ್ನೊಳಗೇ ಎರಡು ಕಡೆ ಸಮ. ಆಚೀಚೆ ನಿಂತ ಆನೆತಲೆಯ ಸಿಂಹಗಳು ಒಂದಕ್ಕೊಂದು ಜೋಡಿ. ಧಾರವಾಡದ ಕಸೂತಿಯ ಗವಂತಿ ಹೊಲಿಗೆ ಇನ್ನೂ ಬೇರೆ ಬಗೆಯದು. ಅದರಲ್ಲಿ ಬಟ್ಟೆಯ ಮುಂದೂ ಹಿಂದೂ ಒಂದೇ ತರಹ ಕಾಣುತ್ತದೆ, ಸೀದಾ-ಉಲ್ಟಾ ಅನ್ನುವುದೇ ಇಲ್ಲ. ಅಂಥ ಬಟ್ಟೆಯಾಗಿದ್ದರೆ ನನ್ನ ತೋಳು ಉಳಿಯುತ್ತಿತ್ತು.

ಸದ್ಯಕ್ಕೆ ನಾನು ಹೀಗೆ ಬಳಸುತ್ತಿದ್ದೇನೆ. ತನ್ನೊಳಗೇ ಸಮ ಇರುವುದಕ್ಕೆ "ಮಡಿಕೆಸಮ". ನಡುವಿನ ಗೆರೆಗೆ "ಮಡಿಕೆಗೆರೆ". ಮಗಳಿಗೆ ಸಮಮಿತಿಯ ಅಕ್ಷ ಅಂತ ಹೇಳಿದಾಗ ಆಗದ್ದು, ಮಡಿಕೆಗೆರೆ ಅಂದ ತಕ್ಷಣ ಅರ್ಥವಾಯಿತು, ಕಾಗದ ತಗೊಂಡು ಮಡಿಚಿಯೇ ಬಿಟ್ಟಳು. ಎದುರುಬದುರಿನ ಜೊತೆಗೆ "ಎಡಮುರಿ-ಬಲಮುರಿ ಜೋಡಿ" ಅಂದು ನೋಡಿದೆ. ಅಮ್ಮನಿಗೆ ಉದ್ದ ಅನ್ನಿಸಿತು, "ಎಡಬಲ ಜೋಡಿ ಅಂದ್ರೆ ಸಾಕು" ಅಂದರು. ಅಮ್ಮ ಹೇಳಿದ್ದೇ ಸರಿ ಇರಬಹುದು. ಆದರೂ ಮುರಿ ಬಿಟ್ಟರೆ ತಿರುವಿನ ಅರ್ಥ ಹೋಗಿಬಿಡುತ್ತದೆ ಅಂತ ನನಗೆ ಮನಸ್ಸು ಬರುತ್ತಿಲ್ಲ.

ನಿಮ್ಮನ್ನು ಕೇಳುವುದು ಇಷ್ಟು. ನಿಮ್ಮ ಊರಿನ ದರ್ಜಿಗಳು, ಬಡಗಿಗಳು, ಕಸೂತಿ ಹಾಕುವವರು, ಮೂರ್ತಿ ಕೆತ್ತುವವರು ಇದಕ್ಕೆ ಏನನ್ನುತ್ತಾರೆ? ಜೋಡಿ ಬಾಗಿಲಿನ ಎರಡು ಹಲಗೆಗೆ ಬೇರೆಬೇರೆ ಹೆಸರಿದೆಯೇ? ಉತ್ತರ ಕರ್ನಾಟಕ, ಕರಾವಳಿ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಅದರಲ್ಲೂ ಹೊಲಿಗೆ ಗೊತ್ತಿರುವವರು, ಎರಡೂ ತೋಳು "ಒಂದೇ ಕೈದು" ಆಗಿಹೋದಾಗ ನಿಮ್ಮ ಕಡೆ ಬಾಯಿಗೆ ಬರುವ ಮಾತು ಯಾವುದು ಅಂತ ಹೇಳಿದರೆ ಸಾಕು, ನಾನು ಅಲ್ಲಿಂದ ಹುಡುಕಿಕೊಳ್ಳುತ್ತೇನೆ.