ಸಹಾಯ ಬೇಕು: ಸಬ್‌ಮರೀನ್ ಬೇಟೆಯ ರೂಲ್ಸ್ ಹೇಗೆ ಮಾಡೋದು?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಾವು ನಾಲ್ಕು ಜನ ಭಾನುವಾರ ಸೇರಿ 1940ರ ಅಟ್ಲಾಂಟಿಕ್ ಯುದ್ಧದ ಬೋರ್ಡ್ ಗೇಮ್ ಆಡುತ್ತೇವೆ. ರೂಲ್ಸ್ ನಮ್ಮದೇ. ಡ್ರಾಯಿಂಗ್ ಶೀಟಿನ ಮೇಲೆ ನಕ್ಷೆ, ಹಡಗುಗಳಿಗೆ ಹುಣಸೆಬೀಜ, ಸಬ್‌ಮರೀನಿಗೆ ಕವಡೆ.

ಜರ್ಮನ್ನರ ಟೈಪ್ 7ಸಿ ಸಬ್‌ಮರೀನ್ ನೀರಿನ ಮೇಲೆ ಸುಮಾರು 17 ನಾಟ್ (ಗಂಟೆಗೆ ಸುಮಾರು 31 ಕಿ.ಮೀ.) ಓಡುತ್ತಿತ್ತು. ಬ್ರಿಟಿಷರ ಕಾರ್ವೆಟ್, ಅಂದರೆ ಸಣ್ಣ ಕಾವಲು ಯುದ್ಧನೌಕೆ, ಬರೀ 16. ಅದಕ್ಕೇ ರಾತ್ರಿ ಮೇಲೆದ್ದು ಹೊಡೆದು ಓಡಿದರೆ ಹಿಡಿಯೋದು ಕಷ್ಟ. ಇಷ್ಟು ಆಟದಲ್ಲಿ ಚೆನ್ನಾಗಿ ಬಂದಿದೆ.

ತೊಂದರೆ ಇರೋದು ಮುಳುಗಿದ ಮೇಲೆ. ಕಾವಲು ಹಡಗು ತೀರಾ ಹತ್ತಿರ ಬಂದಾಗ ಅದರ ಆಸ್ಡಿಕ್‌ಗೆ (ನೀರೊಳಗೆ ಶಬ್ದ ಕಳಿಸಿ, ಪ್ರತಿಧ್ವನಿಯಿಂದ ಸಬ್‌ಮರೀನ್ ಹುಡುಕುವ ಸಾಧನ) ಸಬ್‌ಮರೀನ್ ಸಿಗೋದಿಲ್ಲ. ಡೆಪ್ತ್ ಚಾರ್ಜ್ (ನೀರೊಳಗೆ ಸಿಡಿಯುವ ಬಾಂಬ್) ಹಡಗಿನ ಹಿಂಬದಿಯಿಂದ ಬಿದ್ದು ಆಳಕ್ಕೆ ಇಳಿಯುವಷ್ಟರಲ್ಲಿ ಸಬ್‌ಮರೀನ್ ಪಕ್ಕಕ್ಕೆ ತಿರುಗಿರುತ್ತದೆ. ಆ ಕುರುಡು ಗಳಿಗೆಯೇ ಈ ಯುದ್ಧದ ಜೀವ ಅಲ್ವಾ? ಅದನ್ನು ಸುಮ್ನೆ ಒಂದು ದಾಳ ಉರುಳಿಸಿ ಮುಗಿಸೋಕೆ ನನಗೆ ಮನಸ್ಸಿಲ್ಲ.

ಸಬ್‌ಮರೀನ್ ಆಡುವವನು ಚೀಟಿಯಲ್ಲಿ ದಿಕ್ಕು, ಆಳ ಗುಟ್ಟಾಗಿ ಬರೆದು ಮಡಚಿಡಲಿ ಅಂತ ಮಾಡಿದೆವು. ಆದರೆ ಹಡಗು ಆಡುವವನು ಎರಡೂ ಸರಿಯಾಗಿ ಊಹಿಸೋದು ತುಂಬಾ ಅಪರೂಪ. ಮೂರು ವಾರದಿಂದ ಒಂದು ಕವಡೆಯೂ ಮುಳುಗಿಲ್ಲ.

ಇಂಥ ಆಟ ಆಡಿದವರು ಯಾರಾದರೂ ಇದ್ದೀರಾ? ಆಳ ಬಿಟ್ಟು ದಿಕ್ಕು ಮಾತ್ರ ಇಟ್ಟುಕೊಳ್ಳೋದಾ? ಮುಳುಗಿದಾಗ ಸಬ್‌ಮರೀನ್ ಓಡೋದು ಬ್ಯಾಟರಿಯಲ್ಲಿ, ಆ ಖರ್ಚನ್ನು ಹೇಗೆ ಲೆಕ್ಕ ಹಾಕುತ್ತೀರಿ? ದಯವಿಟ್ಟು ತಿಳಿಸಿ.