ಗರ್ಭಿಣಿಯರ ಮನೆಯವರಿಗೆ ಏನು ಹೇಳಲಿ? ನಿಮ್ಮ ಅನುಭವ ತಿಳಿಸಿ

ಕೇಳಿದವರು:
ನಮ್ಮ ಮಹಿಳಾ ಸಂಘದಲ್ಲಿ ಗರ್ಭಿಣಿಯರನ್ನೂ ಅವರ ಮನೆಯವರನ್ನೂ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಬೇಕಿದೆ. ನಾನು ಡಾಕ್ಟರ್ ಅಲ್ಲ. ಓದಿದ ಒಂದು ಅಂಕಿ ಮಾತ್ರ ತಲೆಯಲ್ಲಿ ಕೂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸಿರು, ಹೆರಿಗೆಯ ತೊಂದರೆಗಳಿಂದ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ತೀರಿಕೊಂಡರು. ದಿನಕ್ಕೆ 700ಕ್ಕೂ ಜಾಸ್ತಿ. ಅದರಲ್ಲಿ ಹೆಚ್ಚಿನವು ತಪ್ಪಿಸಬಹುದಾಗಿದ್ದ ಸಾವುಗಳು. ಆದರೆ ಇದನ್ನು ಹೇಳಿದರೆ ಸುಮ್ನೆ ಹೆದರಿಸಿದ ಹಾಗೆ ಆಗುತ್ತದೆ, ಅಲ್ವಾ? ಮತ್ತೇನು ಹೇಳಲಿ?

ಎರಡು ಮಕ್ಕಳ ತಾಯಿ:
ಅಂಕಿ ಬಿಡಿ, ತಲೆನೋವಿನಿಂದ ಶುರು ಮಾಡಿ.

ನನ್ನ ಮೊದಲ ಹೆರಿಗೆ ಸಲೀಸಾಗಿ ಆಯಿತು. ಮೂರನೇ ದಿನ ಮನೆಗೆ ಬಂದೆ. ಆರನೇ ದಿನ ಬೆಳಗ್ಗೆ ತಲೆನೋವು. ನಿದ್ದೆಗೆಟ್ಟಿದ್ದಕ್ಕೆ ಅಂತ ಎಲ್ಲರೂ ಅಂದರು, ನಾನೂ ಹಾಗೇ ಅಂದುಕೊಂಡೆ. ಮಾತ್ರೆಗೂ ಬಗ್ಗಲಿಲ್ಲ. ಸಂಜೆ ಹೊತ್ತಿಗೆ ಕಣ್ಣ ಮುಂದೆ ಮಿಣುಕು ಮಿಣುಕು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಅತ್ತಿಗೆ ಒಬ್ಬರೇ "ಏಳು, ಬಿಪಿ ನೋಡಿಸಿಕೊಂಡು ಬರೋಣ" ಅಂತ ಎಬ್ಬಿಸಿದರು. 170/110 ಇತ್ತು. ಒಂಬತ್ತು ತಿಂಗಳಲ್ಲಿ ಒಂದು ಸಲವೂ ಜಾಸ್ತಿ ಬಂದಿರಲಿಲ್ಲ!

ಪ್ರಿಎಕ್ಲಾಂಪ್ಸಿಯಾ ಅಂದರು, ಬಸಿರಿನಿಂದಾಗಿ ಬಿಪಿ ಅಪಾಯಕ್ಕೆ ಏರುವ ಕಾಯಿಲೆ. ಹೆರಿಗೆ ಆದ ಮೇಲೂ ಅದು ಬರಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಫಿಟ್ಸ್ ಬಾರದಿರಲಿ ಅಂತ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟರು. ಅದು ಒಳಗೆ ಹೋಗುವಾಗ ಮೈಯೆಲ್ಲ ಕಾದ ಹಾಗೆ ಆಗುತ್ತದೆ. ಹಳೆಯ ಔಷಧಿ, ದುಬಾರಿಯೂ ಅಲ್ಲ. ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ ಅಂತ 2002ರಲ್ಲೇ ದೊಡ್ಡ ಅಧ್ಯಯನ ಬಂದಿತ್ತು. ಏನು ಮಾಡೋದು, ಔಷಧಿ ಆಸ್ಪತ್ರೆಯಲ್ಲಿತ್ತು, ನಾನು ಮನೆಯಲ್ಲಿ ಮಲಗಿದ್ದೆ.

ಗರ್ಭಿಣಿಯಾಗಲಿ ಬಾಣಂತಿಯಾಗಲಿ, ಬಿಪಿ 140/90 ಮುಟ್ಟಿದರೆ ಅವತ್ತೇ ಡಾಕ್ಟರಿಗೆ ತಿಳಿಸಬೇಕು. 160/110 ಅಂದರೆ ತಕ್ಷಣ ಹೊರಡಬೇಕು. ಈ ಎರಡು ಅಂಕಿ ಸಾಕು ನಿಮ್ಮ ಸಭೆಗೆ.

ಹೆರಿಗೆ ವಾರ್ಡಿನ ನರ್ಸ್:
ಮೇಲಿನವರ ಮಾತು ಸರಿ. ಆದರೆ ರಕ್ತಸ್ರಾವದ ವಿಷಯ ಬಿಡಬೇಡಿ. ಜಗತ್ತಿನಲ್ಲಿ ತಾಯಂದಿರ ಸಾವಿಗೆ ಅದೇ ಎಲ್ಲಕ್ಕಿಂತ ದೊಡ್ಡ ಕಾರಣ.

ಹೆರಿಗೆ ಆದ ಮೇಲೆ ಗರ್ಭಕೋಶ ಮುಷ್ಟಿ ಹಿಡಿದ ಹಾಗೆ ಬಿಗಿಯಾಗಬೇಕು. ಆಗದಿದ್ದರೆ ರಕ್ತ ನಿಲ್ಲುವುದಿಲ್ಲ. ಮಗು ಹುಟ್ಟಿದ ಕೂಡಲೇ ಆಕ್ಸಿಟೋಸಿನ್ ಕೊಡುವುದು ಇದಕ್ಕೇ. ರಕ್ತ ಜಾಸ್ತಿ ಹೋದರೆ ಟ್ರಾನೆಕ್ಸಾಮಿಕ್ ಆಮ್ಲ ಅಂತ ರಕ್ತ ನಿಲ್ಲಿಸುವ ಇನ್ನೊಂದು ಔಷಧಿ ಇದೆ, ಅದನ್ನು ಹೆರಿಗೆಯಾಗಿ ಮೂರು ಗಂಟೆಯೊಳಗೆ ಕೊಡಬೇಕು.

"ರಕ್ತ ಹೋಗೋದು ಸಹಜ ತಾನೇ" ಅನ್ನುತ್ತಾರೆ. ಸಹಜವೇ, ಆದರೆ ಎಷ್ಟು? ಕಣ್ಣಳತೆ ನಂಬಬೇಡಿ. ವರ್ಷಗಟ್ಟಲೆ ಕೆಲಸ ಮಾಡಿದ ನಮಗೇ ಅದು ಕಮ್ಮಿ ಕಾಣುತ್ತದೆ. ಆಫ್ರಿಕಾದ ನಾಲ್ಕು ದೇಶಗಳಲ್ಲಿ ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆಯಲ್ಲಿ ರಕ್ತ ಅಳೆದು, ಮಿತಿ ಮೀರಿದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೇ ಶುರು ಮಾಡಿ ನೋಡಿದರು. ತೀವ್ರ ತೊಂದರೆಗಳು 60% ಇಳಿದವು. 2023ರಲ್ಲಿ ಬಂದ ಫಲಿತಾಂಶ ಅದು.

ಮನೆಯಲ್ಲಿ ಆ ಹಾಳೆ ಇರುವುದಿಲ್ಲ, ಹಾಗಾಗಿ ಪ್ಯಾಡ್ ಲೆಕ್ಕ ಹೇಳಿ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ಮೊಟ್ಟೆ ಗಾತ್ರದ ರಕ್ತದ ಗಡ್ಡೆ ಬಿದ್ದರೆ, ಕಣ್ಣು ಕತ್ತಲೆ ಬಂದರೆ ಕಾಯಬಾರದು. ಮೊದಲೇ ರಕ್ತಹೀನತೆ ಇದ್ದವರಿಗಂತೂ ಇದು ಸಾಲಗಾರನ ಮನೆಯಲ್ಲಿ ಕಳ್ಳತನ ಆದ ಹಾಗೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಬಸಿರಿನಲ್ಲೇ ಸರಿ ಮಾಡಿಕೊಳ್ಳಲಿ.

ಒಬ್ಬ ಗಂಡ:
ಗಂಡಸರನ್ನೂ ಕರೆಯಿರಿ. ನಮ್ಮಲ್ಲಿ ತಡವಾಗಿದ್ದು ದಾರಿಯಲ್ಲಲ್ಲ, ಮನೆಯಲ್ಲಿ. "ಅವರನ್ನು ಒಂದು ಮಾತು ಕೇಳೋಣ, ಇವರು ಬರಲಿ" ಅಂತ ಒಂದೂವರೆ ಗಂಟೆ ಕಳೆದೆವು. ರಾತ್ರಿ ಗಾಡಿ ಯಾರದು, ರಕ್ತದ ಗುಂಪು ಯಾವುದು, ಹೊರಡು ಅನ್ನಬೇಕಾದವರು ಯಾರು, ಇಷ್ಟನ್ನು ಎಂಟನೇ ತಿಂಗಳಲ್ಲೇ ತೀರ್ಮಾನ ಮಾಡಿಕೊಳ್ಳಲಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಹೆರಿಗೆ ಆದ ಮೇಲೆ ಎಷ್ಟು ದಿನ ಹುಷಾರಾಗಿರಬೇಕು?

ಎರಡು ಮಕ್ಕಳ ತಾಯಿ:
ಲೆಕ್ಕಕ್ಕೆ 42 ದಿನ ಅನ್ನುತ್ತಾರೆ, ಆದರೆ 43ನೇ ದಿನ ಎಲ್ಲ ಮುಗಿಯಿತು ಅಂತಲ್ಲ. ಚಳಿಜ್ವರ, ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಮಲಗಿದರೆ ಉಸಿರು ಕಟ್ಟುವುದು, ಇವನ್ನೂ ಸೇರಿಸಿ. ಸಾಯಬೇಕು ಅನಿಸುವುದನ್ನೂ ಸೇರಿಸಿ. ಅದನ್ನು ಹೇಳಿಕೊಳ್ಳೋದಕ್ಕೆ ತುಂಬಾ ನಾಚಿಕೆ ಆಗುತ್ತದೆ, ನೀವೇ ಬಾಯಿಬಿಟ್ಟು ಕೇಳಬೇಕು.

ಮರೆತಿದ್ದೆ, ಇನ್ನೊಂದಿದೆ. ಆಸ್ಪತ್ರೆಗೆ ಹೋದ ಕೂಡಲೇ "ಹೆರಿಗೆಯಾಗಿ ಇಷ್ಟು ದಿನ ಆಯಿತು" ಅಂತ ಮೊದಲು ಹೇಳಬೇಕು. ನಾನು ಕೌಂಟರಿನಲ್ಲಿ ಬರೀ ತಲೆನೋವು ಅಂದಿದ್ದೆ, ಸಾಲಿನಲ್ಲಿ ಕೂರಿಸಿದರು. ಅತ್ತಿಗೆ ಎದ್ದು ಹೋಗಿ "ಆರು ದಿನದ ಬಾಣಂತಿ" ಅಂದ ಮೇಲೆ ಒಳಗೆ ಕರೆದರು.