ಅನ್ನ ಬಿಟ್ಟರೂ ಶುಗರ್ ಇಳಿದಿಲ್ಲ, ಯಾರ ಮಾತು ಕೇಳೋಣ?

ಪ್ರಶ್ನೆ: ನಮಸ್ಕಾರ್ರಿ ಮೇಡಂ, ನಾವು ಕಲಬುರಗಿಯವರು. ಅವ್ವನಿಗೆ 58 ವರ್ಷ, ಶುಗರ್ ಇದೆ, ಬಿಪಿನೂ ಇದೆ. ಒಬ್ಬರು ಅನ್ನ ಬಿಡಿಸಿ, ಜೋಳದ ರೊಟ್ಟಿ ಎಷ್ಟಾದರೂ ತಿನ್ನಲಿ ಅಂದರು. ವಾಟ್ಸಾಪಿನಲ್ಲಿ ನೋಡಿದರೆ ರೊಟ್ಟಿನೂ ಬೇಡ, ಸಿರಿಧಾನ್ಯ ಮಾತ್ರ ಅಂತ. ಕಾಕಿ ಬಂದು ಕುಸುಬೆ ಎಣ್ಣೆ ಬಿಡಿಸಿ ಗಾಣದ ಶೇಂಗಾ ಎಣ್ಣೆ ತರಿಸಿದರು, ಉಪ್ಪಿನ ಬದಲು ಸೈಂಧವ ಲವಣ. ಅನ್ನ ಬಿಟ್ಟು ಮೂರು ತಿಂಗಳಾಯ್ತು, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) 8.1 ಇದ್ದದ್ದು 8.3 ಆಗಿದೆ. "ಎಲ್ಲಾ ಬಿಟ್ಟೀನಿ, ಇನ್ನೇನು ಬಿಡ್ಲಿ" ಅಂತಾಳೆ ಅವ್ವ.

ಆಹಾರ ತಜ್ಞೆ: ಮೊದಲು ಜೋಳಾನೂ ಸಿರಿಧಾನ್ಯವೇರಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿತಲ್ಲ, ಅದರಲ್ಲಿ ಜೋಳವೂ ಇತ್ತು. ಅನ್ನಕ್ಕಿಂತ ರೊಟ್ಟಿ ಒಳ್ಳೇದು ಅಂದವರು ಸುಳ್ಳು ಹೇಳಿಲ್ಲ. ಜೋಳದಲ್ಲಿ ನಾರು ಜಾಸ್ತಿ, 100 ಗ್ರಾಂಗೆ ಸುಮಾರು 10 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರಲ್ಲ. ಕೆಟ್ಟಿದ್ದು "ಎಷ್ಟಾದರೂ" ಅನ್ನೋ ಮಾತಿನಿಂದ. 100 ಗ್ರಾಂ ಜೋಳದ ಹಿಟ್ಟಿನಲ್ಲೂ ಹತ್ತಿರ ಹತ್ತಿರ 70 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇದೆ, ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗೋದು. ನಮ್ಮ ಕಡೆ "ಎರಡೇ ರೊಟ್ಟಿ" ಅಂದರೆ ಗಂಗಾಳದಗಲದ್ದೂ ಇರುತ್ತೆ, ಅದಕ್ಕೆ ನಾನು ರೊಟ್ಟಿ ಎಣಿಸಲ್ಲ. ನಾಳೆ ಬಡಿಯೋ ಮುಂಚೆ ಒಂದು ರೊಟ್ಟಿಯ ಒಣ ಹಿಟ್ಟು ತೂಗಿ ನೋಡಿ. ಸಂಜೆ ಏನು ತಿಂತಾರೆ ಅಂತಾನೂ ಬರೀರಿ.

ಎಣ್ಣೆ ಜಗಳ ಸುಮ್ನೆ. ಕುಸುಬೆ ಇರಲಿ, ಶೇಂಗಾ ಇರಲಿ, ಗಾಣದ್ದೇ ಇರಲಿ, ಗ್ರಾಂಗೆ 9 ಕ್ಯಾಲರಿ. ಎರಡನ್ನೂ ಬದಲಿಸಿ ಬದಲಿಸಿ ಬಳಸಿ, ಒಬ್ಬರಿಗೆ ದಿನಕ್ಕೆ ನಾಲ್ಕು ಟೀ ಚಮಚ ಸಾಕು. ಸೈಂಧವ ಲವಣವೂ ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡೇ, ಬಿಪಿಗೆ ಅದೇನು ರಿಯಾಯಿತಿ ಕೊಡಲ್ಲ. ಎಷ್ಟೋ ಸಲ ಅಯೋಡಿನ್ ಕೂಡ ಹಾಕಿರಲ್ಲ. ಹಿಂಡಿ (ಚಟ್ನಿಪುಡಿ), ಉಪ್ಪಿನಕಾಯಿ ಎಲ್ಲಾ ಸೇರಿ ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು.

ಪ್ರಶ್ನೆ ಕೇಳಿದವರು: ತೂಗಿದೆರೀ ಮೇಡಂ. ಒಂದಕ್ಕೆ 70 ಗ್ರಾಂ, ಒಂದು ಹೊತ್ತಿಗೆ ಮೂರು. ಸಂಜೆ ಒಂದು ಪ್ಲೇಟ್ ಸುಸಲಾ, ಮಿರ್ಚಿ ಭಜಿ ದಿನಾ ಅಲ್ಲ.

ಆಹಾರ ತಜ್ಞೆ: ನೋಡಿ, 210 ಗ್ರಾಂ ಹಿಟ್ಟು! ಒಂದೇ ಊಟಕ್ಕೆ ಸುಮಾರು 147 ಗ್ರಾಂ ಶರ್ಕರಪಿಷ್ಟ. ಸುಸಲಾ ಯಾವುದರದು? ಚುರುಮುರಿ. ಚುರುಮುರಿ ಅಂದರೆ ಅಕ್ಕಿನೇ ಅಲ್ವಾ, ಅದೂ ಉಬ್ಬಿಸಿದ್ದು, ಅನ್ನಕ್ಕಿಂತ ಬೇಗ ಸಕ್ಕರೆ ಏರಿಸುತ್ತೆ. ಪಾಪ, ಅವ್ವ ಅನ್ನ ಬಿಟ್ಟಿದ್ದಾರೆ, ಅಕ್ಕಿ ಬಿಟ್ಟಿಲ್ಲ. ಸಂಜೆ ಒಂದು ಹಿಡಿ ಹುರಿಗಡಲೆ ಕೊಡಿ. ಊಟಕ್ಕೆ ಒಂದೂವರೆ ರೊಟ್ಟಿ, ಉಳಿದ ಜಾಗದಲ್ಲಿ ಪುಂಡಿ ಪಲ್ಯ, ಗಟ್ಟಿ ತೊಗರಿ ಬೇಳೆ. ಆದರೆ ಒಮ್ಮೆಲೇ ಕಡಿಮೆ ಮಾಡಬೇಡಿ. ಶುಗರ್ ಗುಳಿಗೆ ಅಥವಾ ಇನ್ಸುಲಿನ್ ಇದ್ದರೆ ಸಕ್ಕರೆ ತೀರಾ ಇಳಿದು ತಲೆ ತಿರುಗಬಹುದು, ಮೊದಲು ನಿಮ್ಮ ಡಾಕ್ಟರ್‌ಗೆ ಹೇಳಿ.

ಪ್ರಶ್ನೆ ಕೇಳಿದವರು: ಅವ್ವನಿಗೆ ಓದಿ ಹೇಳಿದೆ. "ಸುಸಲಾ ಅನ್ನ ಹ್ಯಾಂಗಾಗ್ತದ" ಅಂತ ನನ್ನ ಮೇಲೇ ಸಿಟ್ಟಾಗಿದ್ದಾಳ್ರಿ.